ಓದಿಗಲ್ಲ, ಆಟಕ್ಕೆ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ, ಸಂತೆಮರಹಳ್ಳಿ)

ವಿದ್ಯಾರ್ಥಿಗಳಾದ ನಾವು ಮನೆಯಲ್ಲಿ ಏನನ್ನು ಕೇಳಬೇಕಾದರೂ ಉಪಯೋಗಿಸುವ ಮಂತ್ರವೊಂದುಂಟು. "ಓದುವುದಕ್ಕೆ ಬೇಕು" ಎಂಬುದೇ ಆ ಮಂತ್ರ. ಸೈಕಲ್ಲು ಓದುವುದಕ್ಕೆ ಬೇಕು, ಫೋನು ಓದುವುದಕ್ಕೆ ಬೇಕು, ಆ ಫೋನಿಗೆ ತಿಂಗಳು ತಿಂಗಳೂ ಹಾಕಿಸುವ ಡೇಟಾ ಅಂತೂ ಓದುವುದಕ್ಕೇ ಬೇಕು. ತಾವು ಓದಲಾಗದೆ ಹೋದ ತಂದೆತಾಯಿಗಳಿಗೆ ಈ ಮಾತು ಕಿವಿಗೆ ಬಿದ್ದೊಡನೆ ಎದುರಾಡಲು ಬಾಯಿ ಬಾರದು. ನಾನು ಈ ಲೇಖನದಲ್ಲಿ ಹೇಳಬಂದಿರುವುದು ಆ ಮಂತ್ರಕ್ಕೆ ವಿರುದ್ಧವಾದ ಮಾತು. ಆಟವಾಡುವುದಕ್ಕೆ ಕಂಪ್ಯೂಟರ್ ಬೇಕಾದವನು "ಆಟಕ್ಕೆ ಬೇಕು" ಎಂದೇ ಕೇಳತಕ್ಕದ್ದು. ಹಾಗೆ ಕೇಳಿದರೆ ಮನೆಯ ಹಣ ಉಳಿಯುತ್ತದೆ. ಓದಿನ ಹೆಸರಿನಲ್ಲಿ ಕೊಳ್ಳುವುದು ಸುಳ್ಳಾಗುವುದಷ್ಟೇ ಅಲ್ಲ, ದುಬಾರಿಯೂ ಆಗುತ್ತದೆ. ಇದನ್ನು ಓದಿ ನಮ್ಮ ಅಧ್ಯಾಪಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಿಯಾರು. ಸ್ವಲ್ಪ ಸಾವಧಾನದಿಂದ ಕೇಳಬೇಕೆಂದು ಬೇಡುತ್ತೇನೆ.

ಆಟದ ಹೆಸರು ವ್ಯಾಲೊರಂಟ್. ಅಮೆರಿಕದ ರಯಟ್ ಗೇಮ್ಸ್ ಸಂಸ್ಥೆಯವರು 2020ರ ಜೂನ್ 2ರಂದು ಹೊರತಂದದ್ದು. ಈ ಕಡೆ ಐವರು, ಆ ಕಡೆ ಐವರು. ಒಂದು ಪಕ್ಷದವರು ಗೊತ್ತಾದ ಜಾಗದಲ್ಲಿ ಸ್ಫೋಟಕವನ್ನಿಟ್ಟು ಕಾಯಬೇಕು, ಇನ್ನೊಂದು ಪಕ್ಷದವರು ಅದನ್ನು ತಡೆಯಬೇಕು. ಹನ್ನೆರಡು ಸುತ್ತುಗಳಾದ ಮೇಲೆ ಪಕ್ಷಗಳು ಕೆಲಸ ಬದಲಾಯಿಸಿಕೊಳ್ಳುತ್ತವೆ. ಮೊದಲು ಹದಿಮೂರು ಸುತ್ತು ಗೆದ್ದವರಿಗೆ ಪಂದ್ಯ. ಕಬಡ್ಡಿ ಆಡಿದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಔಟಾದವನು ತೆಪ್ಪಗೆ ಕುಳಿತು ಉಳಿದವರನ್ನು ನೋಡಬೇಕು. ಎದುರಾಳಿಗಳು ಐವರಿರುವಲ್ಲಿ ನಮ್ಮವನೊಬ್ಬನೇ ಉಳಿದಾಗ ಆಗುವ ಎದೆಬಡಿತವೂ ಅದೇ. ಆಡುವುದಕ್ಕೆ ಹಣ ತೆರಬೇಕಾಗಿಲ್ಲ. ಹಣ ತೆರಬೇಕಾದುದು ಆಡುವ ಯಂತ್ರಕ್ಕೆ.

ನಾನು ಇದನ್ನು ಮೊದಲು ಆಡಿದುದು ಮೈಸೂರಿನಲ್ಲಿ, ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ಆಡುವ ಅಂಗಡಿಯೊಂದರಲ್ಲಿ. ಸಂತೆಮರಹಳ್ಳಿಯಿಂದ ಮೈಸೂರಿಗೆ ಬಸ್ಸು, ಮೈಸೂರಿನಲ್ಲಿ ಬಾಡಿಗೆ, ಬರುವಾಗ ಮತ್ತೆ ಬಸ್ಸು. ತಿಂಗಳಿಗೆರಡು ಭಾನುವಾರ ಹೀಗೆ ಹೋದರೆ ವರ್ಷಕ್ಕೆ ಏನಾದೀತು ಎಂದು ಒಂದು ದಿನ ಬಸ್ಸಿನ ಟಿಕೆಟ್ಟಿನ ಹಿಂಭಾಗದಲ್ಲೇ ಗುಣಿಸಿ ನೋಡಿ ಟಿಕೆಟ್ಟನ್ನು ಕಿಟಕಿಯಿಂದ ಹೊರಕ್ಕೆ ಬಿಟ್ಟೆ.

ಆ ವೇಳೆಗೆ ನಮ್ಮ ಚಿಕ್ಕಪ್ಪನ ಮಗನು ಒಂದು ಲ್ಯಾಪ್‌ಟಾಪು ಕೊಂಡಿದ್ದನು. ಓದುವುದಕ್ಕೆ. ಬೆಲೆ 58,000 ರೂಪಾಯಿ, ತಿಂಗಳ ಕಂತಿನ ಮೇಲೆ. ಅಂಗಡಿಯವನು "ಏನು ಓದುತ್ತೀರಿ?" ಎಂದು ಕೇಳಿದಾಗ ಇವನು ಏನೋ ಒಂದು ಹೇಳಿದನು, ಅಂಗಡಿಯವನು ತೆಳ್ಳಗೆ, ಹಗುರಾಗಿ, ನೋಡಲು ಅಂದವಾಗಿದ್ದುದನ್ನು ತೆಗೆದುಕೊಟ್ಟನು. ಅಂಗಡಿಯವನ ತಪ್ಪೇನಿದೆ? ಓದುವುದಕ್ಕೆ ಅದು ಒಳ್ಳೆಯ ಯಂತ್ರವೇ. ಆದರೆ ತೆಳ್ಳಗಿನ ಯಂತ್ರದೊಳಗಿನ ಶಾಖಕ್ಕೆ ಹೊರಬರಲು ದಾರಿ ಕಡಿಮೆ. ಶಾಖವೇರಿದಂತೆ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೀಗಾಗಿ ಪಂದ್ಯದ ಮೊದಲ ಮೂರು ಸುತ್ತು ಚೆನ್ನಾಗಿ ನಡೆದು ನಾಲ್ಕನೆಯದರಿಂದ ಚಿತ್ರ ತಡವರಿಸಲಾರಂಭಿಸುತ್ತಿತ್ತು. ಚಿಕ್ಕಪ್ಪ ಕಂತು ಕಟ್ಟುತ್ತಲೇ ಇದ್ದರು. ನಿಜ ಹೇಳಿದ್ದರೆ ಅದಕ್ಕಿಂತ ಬಹು ಕಡಿಮೆಯಲ್ಲಿ ಅದಕ್ಕಿಂತ ಚೆನ್ನಾಗಿ ಆಡಬಹುದಾಗಿತ್ತು. ಆದರೆ ನಿಜ ಹೇಳಿದವನಿಗೆ ಹಣ ಕೊಡುವವರು ಯಾರು ಎಂಬುದು ಅವನ ವಾದ. ನನ್ನ ವಾದವೂ ಆಗ ಅದೇ ಆಗಿದ್ದಿತು.

2024ರ ಬೇಸಿಗೆ. ನಮ್ಮ ಅಪ್ಪ ಅರಿಶಿನವನ್ನು ಬೇಯಿಸಿ, ಒಣಗಿಸಿ, ಮಾರಿ ಬಂದಿದ್ದರು. ನಾನು ಸಮಯ ನೋಡಿ ಮಂತ್ರ ಹೇಳಿದೆ: ಓದುವುದಕ್ಕೆ ಕಂಪ್ಯೂಟರ್ ಬೇಕು, ಅರವತ್ತು ಸಾವಿರವಾದೀತು. ಅಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ದಿಟ ಹೇಳ್ ಮಗ, ಇದು ಓದಕ್ಕಾ ಆಡಕ್ಕಾ?" ಎಂದರು.

ಗದರಿಸಿ ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆನೇನೋ. ಬೀಜದ ಅರಿಶಿನವನ್ನು ಆರಿಸುವಾಗ ಗೆಡ್ಡೆಯನ್ನು ತಿರುಗಿಸಿ ನೋಡುತ್ತಾರಲ್ಲ, ಹಾಗೆ ಕೇಳಿದರು. "ಆಡಕ್ಕೆ" ಎಂದೆ. ನಾನು ನಿರೀಕ್ಷಿಸಿದ ಬೈಗುಳ ಬರಲಿಲ್ಲ. ಬಂದುದು ಇನ್ನೊಂದು ಪ್ರಶ್ನೆ: "ಆಡಕ್ಕೆ ಅಂದ್ರೆ ಎಷ್ಟಾದ್ರೆ ಸಾಕು?"

ಈ ಪ್ರಶ್ನೆಯನ್ನು ನಾನೇ ನನಗೆ ಹಾಕಿಕೊಂಡಿರಲಿಲ್ಲ. ನನ್ನ ಅಭಿಪ್ರಾಯವೆಲ್ಲ ನಿಂತಿರುವುದು ಇದರ ಮೇಲೆಯೇ. ಓದುವುದಕ್ಕೆ ಎಷ್ಟು ಸಾಕು? ಅದಕ್ಕೆ ಉತ್ತರವಿಲ್ಲ, ಮೂವತ್ತು ಸಾವಿರವೂ ಸಾಕು, ಒಂದು ಲಕ್ಷವೂ ಸಾಲದು. ಮಗನ ಓದಿಗೆ ಲೆಕ್ಕ ನೋಡಿದ ಎಂದು ಅನ್ನಿಸಿಕೊಳ್ಳಲು ಯಾವ ತಂದೆಯೂ ಒಪ್ಪಲಾರ. ಆಟಕ್ಕಾದರೋ ಅಳತೆಯುಂಟು. ಆಟ ಮಾಡಿದವರೇ ಯಾವ ಯಂತ್ರದಲ್ಲಿ ಆಟ ಎಷ್ಟು ಚೆನ್ನಾಗಿ ನಡೆದೀತೆಂದು ಪಟ್ಟಿ ಮಾಡಿ ಪ್ರಕಟಿಸಿರುತ್ತಾರೆ. ವ್ಯಾಲೊರಂಟ್ ಪಟ್ಟಿಯನ್ನು ನೋಡಿದಾಗ ನನಗೆ ನಾಚಿಕೆಯೇ ಆಯಿತು. ಸೆಕೆಂಡಿಗೆ 30 ಚಿತ್ರಗಳು ಮೂಡಿದರೆ ಸಾಕೆನ್ನುವವನಿಗೆ 4 ಜಿಬಿ ರ್‍ಯಾಮ್ ಸಾಕು, 2012ರಲ್ಲಿ ಬಂದ ಇಂಟೆಲ್ ಎಚ್‌ಡಿ 4000 ಎಂಬ ಹಳೆಯ ಚಿತ್ರಭಾಗವೇ ಸಾಕು. ಬೇರೆ ಗ್ರಾಫಿಕ್ಸ್ ಕಾರ್ಡಿನ ಹಂಗೇ ಇಲ್ಲ. ಬಡವರ ಯಂತ್ರಗಳ ಮೇಲೂ ಓಡಬೇಕೆಂದು ಬುದ್ಧಿಪೂರ್ವಕವಾಗಿ ಹಗುರವಾಗಿ ಕಟ್ಟಿದ ಆಟ ಅದು. ನಾನು ಅರವತ್ತು ಸಾವಿರ ಕೇಳಿದ್ದೆ!

ಹಾಗೆಂದು ತೀರ ಹಳೆಯದನ್ನು ತರುವುದೂ ಜಾಣತನವಲ್ಲ. ಕಚೇರಿಗಳು ಬಿಸಾಡಿದ ಕಂಪ್ಯೂಟರುಗಳು ಹತ್ತು ಹನ್ನೆರಡು ಸಾವಿರಕ್ಕೆ ಸಿಕ್ಕುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ವಿಂಡೋಸ್ 11ಕ್ಕೆ ಏರಲಾರವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಗಿಯುವ ದಿನ 2024ರಲ್ಲಿಯೇ ಗೊತ್ತಿದ್ದಿತು. ಲಿನಕ್ಸ್ ಉಚಿತವಾಗಿ ದೊರೆಯುತ್ತದೆ ನಿಜ, ಆದರೆ ಮೋಸ ಮಾಡುವವರನ್ನು ಹಿಡಿಯಲು ಆಟದೊಡನೆ ಬರುವ ವ್ಯಾನ್‌ಗಾರ್ಡ್ ಎಂಬ ಕಾವಲುಗಾರ ಅದರ ಮೇಲೆ ಕೆಲಸ ಮಾಡುವುದಿಲ್ಲ.

ಕಡೆಗೆ ನಿಶ್ಚಯಿಸಿದುದು ಎಎಂಡಿಯವರ ರೈಜನ್ 5 5600ಜಿ ಎಂಬ ಪ್ರೊಸೆಸರು. ಚಿತ್ರ ಬಿಡಿಸುವ ಭಾಗ ಅದರ ಒಳಗೇ ಇದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಖರ್ಚು ಇದರಿಂದ ತಪ್ಪಿತು. ಇಲ್ಲಿ ಒಂದು ಸೂಕ್ಷ್ಮವುಂಟು. ನನ್ನಂತೆ ಮಾಡಹೊರಟವರು ಗಮನಿಸಬೇಕು. ಒಳಗಿರುವ ಚಿತ್ರಭಾಗಕ್ಕೆ ತನ್ನದೇ ಆದ ರ್‍ಯಾಮ್ ಇರುವುದಿಲ್ಲ. ಕಂಪ್ಯೂಟರಿನ ರ್‍ಯಾಮನ್ನೇ ಅದು ಹಂಚಿಕೊಳ್ಳಬೇಕು. ಆದುದರಿಂದ 16 ಜಿಬಿಯ ಒಂದೇ ಪಟ್ಟಿಯನ್ನು ಹಾಕುವುದಕ್ಕಿಂತ 8 ಜಿಬಿಯ ಎರಡು ಪಟ್ಟಿಗಳನ್ನು ಹಾಕುವುದು ಮೇಲು. ಬಾವಿ ಒಂದೇ, ನೀರೂ ಅಷ್ಟೇ. ಆದರೆ ಎರಡು ರಾಟೆ ಕಟ್ಟಿದ ಬಾವಿಯಿಂದ ಒಂದೇ ಹೊತ್ತಿನಲ್ಲಿ ಎರಡು ಕೊಡ ನೀರು ಮೇಲಕ್ಕೆ ಬರುತ್ತದೆ. ಈ ಒಂದು ವಿಷಯ ತಿಳಿಯದೆ ಎಷ್ಟೋ ಹುಡುಗರು ಒಳ್ಳೆಯ ಪ್ರೊಸೆಸರು ಕೊಂಡೂ ಕೊರಗುತ್ತಾರೆ.

ಅಪ್ಪ 20,000 ಕೊಟ್ಟರು. ನನ್ನ ಬಳಿ, ರಜಾ ದಿನಗಳಲ್ಲಿ ಮದುವೆಮನೆಗಳಲ್ಲಿ ಬಡಿಸಿ ಕೂಡಿಟ್ಟ 15,000 ಇತ್ತು. ಬಸ್ಸಿನ ಖರ್ಚು ಅವ್ವನ ಸೆರಗಿನ ಗಂಟಿನಿಂದ ಬಂದಿತು. ಕೊಳ್ಳೇಗಾಲ, ಮಳವಳ್ಳಿ, ಕನಕಪುರ ದಾಟಿ ಬೆಂಗಳೂರು ಸೇರಿ, ಕೆ. ಆರ್. ಮಾರುಕಟ್ಟೆಯಿಂದ ನಡೆದೇ ಎಸ್. ಪಿ. ರಸ್ತೆಗೆ ಹೋದೆ. ಎಸ್. ಪಿ. ಎಂದರೆ ಪೊಲೀಸ್ ಅಧಿಕಾರಿ ಎಂದು ನಾನು ಬಹುಕಾಲ ತಿಳಿದಿದ್ದೆ. ಸಾದರ ಪತ್ರಪ್ಪ ಎಂಬವರ ಹೆಸರು ಅದು. ಸಂತೆಯ ಹೆಸರನ್ನೇ ಹೊತ್ತ ಊರಿನವನಾದ ನನಗೆ ಆ ರಸ್ತೆ ಪರಕೀಯವೆನಿಸಲಿಲ್ಲ. ಇಲ್ಲಿ ಸೊಪ್ಪು ಗುಡ್ಡೆ ಹಾಕುವಂತೆ ಅಲ್ಲಿ ತಂತಿ, ಫ್ಯಾನು, ಮದರ್‌ಬೋರ್ಡು. ಒಂದೇ ವಸ್ತುವಿಗೆ ನಾಲ್ಕು ಅಂಗಡಿಯಲ್ಲಿ ನಾಲ್ಕು ಬೆಲೆ. ಬಿಲ್ಲು ಬೇಕೆಂದರೆ ಒಂದು, ಬೇಡವೆಂದರೆ ಇನ್ನೊಂದು. ಬಿಲ್ಲಿಲ್ಲದೆ ಕೊಂಡವನು ಯಂತ್ರ ಕೆಟ್ಟಾಗ ವಾರಂಟಿಗಾಗಿ ಯಾರ ಬಾಗಿಲು ತಟ್ಟಬೇಕು? ನಾನು ತೆರಿಗೆ ಸೇರಿಸಿಯೇ ಕೊಟ್ಟೆ.

"ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಗೇಮಿಂಗ್ ಪಿಸಿ ಹೆಂಗೆ ಸಾರ್?" ಎಂದು ಒಬ್ಬ ಅಂಗಡಿಯವನು ಕನಿಕರದಿಂದ ನೋಡಿದನು. ಇನ್ನೊಬ್ಬನು ಏಳು ಬಣ್ಣದಲ್ಲಿ ಮಿನುಗುವ ಫ್ಯಾನುಗಳ ಪೆಟ್ಟಿಗೆಯನ್ನು ತೋರಿಸಿದನು. ಚೆನ್ನಾಗಿಯೇ ಇತ್ತು, ಮೈಸೂರಿನ ದಸರಾ ದೀಪಾಲಂಕಾರವನ್ನು ಗಾಜಿನ ಡಬ್ಬಿಯಲ್ಲಿಟ್ಟ ಹಾಗೆ. ಮತ್ತೊಬ್ಬನು ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಪರದೆಯನ್ನು ಕೊಳ್ಳಲೇಬೇಕೆಂದನು. ನನ್ನ ಕೈಯಲ್ಲಿ ಚೀಟಿಯಿತ್ತು. ಚೀಟಿಯ ತಲೆಯಲ್ಲಿ "ಒಂದು ಆಟ" ಎಂದು ಬರೆದುಕೊಂಡಿದ್ದೆ. ಯಾರು ಏನು ತೋರಿಸಿದರೂ ಆ ಎರಡು ಪದಗಳನ್ನು ನೋಡಿಕೊಳ್ಳುತ್ತಿದ್ದೆ. ಓದುವುದಕ್ಕೆಂದು ಬಂದಿದ್ದರೆ ಆ ಚೀಟಿಯಲ್ಲಿ ಏನೆಂದು ಬರೆಯುತ್ತಿದ್ದೆ?

ಕೊಟ್ಟ ಬೆಲೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಪ್ರೊಸೆಸರು 11,800, ಬಿ450 ಜಾತಿಯ ಮದರ್‌ಬೋರ್ಡು 5,200, ರ್‍ಯಾಮ್ ಎರಡು ಪಟ್ಟಿ ಸೇರಿ 3,500, 500 ಜಿಬಿ ಎಸ್‌ಎಸ್‌ಡಿ 2,900, ಪವರ್ ಸಪ್ಲೈ 2,300, ಬಣ್ಣವಿಲ್ಲದ ಕರಿಯ ಕ್ಯಾಬಿನೆಟ್ಟು 1,700, ಸೆಕೆಂಡಿಗೆ 75 ಚಿತ್ರ ತೋರುವ 22 ಅಂಗುಲದ ಮಾನಿಟರು 6,300, ಕೀಬೋರ್ಡು, ಮೌಸು 1,100. ಒಟ್ಟು 34,800 ರೂಪಾಯಿ. ಇವು 2024ರ ಬೆಲೆಗಳು ಎಂಬುದನ್ನು ಮರೆಯಬಾರದು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಜಗತ್ತಿನ ರ್‍ಯಾಮನ್ನೆಲ್ಲ ಕೊಳ್ಳತೊಡಗಿ ಅದರ ಬೆಲೆ ವಿಪರೀತ ಏರಿತು. ಎಲ್ಲೋ ಅಮೆರಿಕದಲ್ಲಿ ಯಂತ್ರಗಳಿಗೆ ಬುದ್ಧಿ ಕಲಿಸಹೊರಟರೆ ಸಂತೆಮರಹಳ್ಳಿಯ ಹುಡುಗನ ಜೇಬಿಗೆ ಕತ್ತರಿ ಬೀಳುತ್ತದೆ. ಅರ್ಥಶಾಸ್ತ್ರದ ತರಗತಿಯಲ್ಲಿ ಹೇಳಿದ ಬೇಡಿಕೆ ಪೂರೈಕೆಗಳ ಪಾಠ ನನಗೆ ಸರಿಯಾಗಿ ಮನಸ್ಸಿಗೆ ಹತ್ತಿದುದು ಆಗಲೇ.

ಜೋಡಿಸಿದುದು ನಮ್ಮ ಮನೆಯ ಜಗಲಿಯ ಮೇಲೆ, ಪಂಪ್‌ಸೆಟ್ಟು ರಿಪೇರಿಯವರಿಂದ ಎರವಲು ತಂದ ಸ್ಕ್ರೂಡ್ರೈವರಿನಿಂದ. ಆ ಪ್ರೊಸೆಸರಿನ ಕೆಳಗೆ 1331 ಸೂಜಿಗಳಿವೆ, ಒಂದೊಂದೂ ಕೂದಲಿಗಿಂತ ಸ್ವಲ್ಪ ದಪ್ಪ. ಒಂದು ಮೂಲೆಯಲ್ಲಿರುವ ಚಿನ್ನದ ತ್ರಿಕೋನವನ್ನು ಬೋರ್ಡಿನ ತ್ರಿಕೋನಕ್ಕೆ ಹೊಂದಿಸಿ ಒತ್ತದೆ ಇಳಿಬಿಡಬೇಕು. ಒತ್ತಿದರೆ ಸೂಜಿ ಬಾಗುತ್ತದೆ. 11,800 ರೂಪಾಯಿ ಹೋಯಿತು. ನನ್ನ ಕೈ ನಡುಗಿತು. ನೋಡುತ್ತಿದ್ದ ಅವ್ವ "ಕೊಡು ಇಲ್ಲಿ" ಎಂದಳು. ಅವ್ವ ಮದುವೆಗೆ ಮುಂಚೆ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ಕೆಲಸ ಮಾಡಿದವಳು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಹಿಡಿದೆತ್ತಿದ ಬೆರಳುಗಳು. ತ್ರಿಕೋನ ಯಾವುದೆಂದು ಒಮ್ಮೆ ಕೇಳಿ, ಪ್ರೊಸೆಸರನ್ನು ಹೂವಿಟ್ಟ ಹಾಗೆ ಇಟ್ಟಳು. ಅದು ತಾನೇ ಕುಳಿತುಕೊಂಡಿತು. ನಮ್ಮ ಮನೆಯ ಕಂಪ್ಯೂಟರಿಗೆ ಪ್ರೊಸೆಸರು ಕೂಡಿಸಿದವಳು ಅವ್ವ ಎಂದು ನಾನು ಹೇಳಿದರೆ ಗೆಳೆಯರು ತಮಾಷೆ ಎಂದುಕೊಳ್ಳುತ್ತಾರೆ.

ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಒಂದು ಗಂಟೆ ಕಾಲ ನಾನು ಪಟ್ಟ ಪಾಡು ಹೇಳತೀರದು. ಅಪ್ಪ ತೆಂಗಿನ ಗರಿ ಸೀಳುತ್ತ ಕುಳಿತಿದ್ದರು, ಒಂದು ಮಾತೂ ಆಡಲಿಲ್ಲ, ಆಡಿದ್ದರೇ ಚೆನ್ನಾಗಿತ್ತು. ಕೊನೆಗೆ ನೋಡಿದರೆ ರ್‍ಯಾಮಿನ ಒಂದು ಪಟ್ಟಿ ಪೂರ್ತಿ ಕೂತಿರಲಿಲ್ಲ. ಅವ್ವನ ಮೃದುತ್ವವನ್ನು ನೋಡಿ ಕಲಿತ ನಾನು ಒತ್ತಬೇಕಾದುದನ್ನೂ ಒತ್ತಿರಲಿಲ್ಲ. "ಟಕ್" ಎಂದು ಶಬ್ದವಾಗುವ ತನಕ ಒತ್ತಿದೆ, ಪರದೆ ಬೆಳಗಿತು. ಇನ್ನೆರಡು ಮಾತು ಹೇಳಿಬಿಡುತ್ತೇನೆ. ಬಿ450 ಬೋರ್ಡು ಹಳೆಯ ದಾಸ್ತಾನಾಗಿದ್ದರೆ ಈ ಪ್ರೊಸೆಸರನ್ನು ಗುರುತಿಸದು, ಅಂಗಡಿಯಲ್ಲೇ ಅದರ ಬಯಾಸನ್ನು ನವೀಕರಿಸಿಕೊಂಡು ಬರಬೇಕು. ವಿಂಡೋಸ್ 11ರಲ್ಲಿ ವ್ಯಾನ್‌ಗಾರ್ಡಿಗೆ ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಬೇಕು, ಅವೆರಡನ್ನೂ ಬಯಾಸಿನಲ್ಲಿಯೇ ತೆರೆದಿಡಬೇಕು.

ಇನ್ನು ಆಕ್ಷೇಪಣೆಗಳು. ಇನ್ನೊಂದು ಮೂವತ್ತು ಸಾವಿರ ಹಾಕಿದ್ದರೆ ಇನ್ನೂ ಚುರುಕಾದ ಯಂತ್ರ ಬರುತ್ತಿತ್ತು, ಈ ಆಟದಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಸೋಲು ಗೆಲುವನ್ನು ನಿರ್ಧರಿಸುತ್ತದೆ ಎಂದು ಗೆಳೆಯರು ವಾದಿಸುತ್ತಾರೆ. ಒಂದರ ಬೆಲೆಯನ್ನು ಸಂತೆಮರಹಳ್ಳಿಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ, ಆಗಿದ್ದ ನಮ್ಮ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ. ಆರ್. ಕೃಷ್ಣಮೂರ್ತಿಯವರ ವಿರುದ್ಧ ಗೆದ್ದುದು ಒಂದೇ ಒಂದು ಮತದಿಂದ. 40,752ಕ್ಕೆ ಎದುರಾಗಿ 40,751. ಆದರೆ ಆ ಒಂದು ಮತ ಗೆಲ್ಲಿಸಬೇಕಾದರೆ ಅದರ ಹಿಂದೆ 40,751 ಮತಗಳು ಇರಬೇಕಾಗಿತ್ತು ಎಂಬುದನ್ನು ಮರೆಯುತ್ತಾರೆ. ನಾನು ಗುರಿ ತಪ್ಪುವುದು ಒಂದು ಕೂದಲಿನಷ್ಟಲ್ಲ, ಒಂದು ಬಾಗಿಲಿನಷ್ಟು. ಇಷ್ಟರ ಮೇಲೆ, ಆಟದ ಸರ್ವರು ಇರುವುದು ಮುಂಬಯಿಯಲ್ಲಿ, ಇಲ್ಲಿಂದ ಸುಮಾರು ಸಾವಿರ ಕಿಲೋಮೀಟರು. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ತಂತಿ ನೇರವಾಗಿದ್ದರೂ ಹೋಗಿಬರಲು ಸೆಕೆಂಡಿನ ನೂರರಲ್ಲೊಂದು ಭಾಗ ಬೇಕೇ ಬೇಕು. ತಂತಿಯಾದರೋ ಊರೂರು ಸುತ್ತಿ ಬರುತ್ತದೆ. ಜಗಲಿಯ ಮೇಲೆ ಎಷ್ಟು ಲಕ್ಷದ ಯಂತ್ರವಿಟ್ಟರೂ ಮುಂಬಯಿ ಹತ್ತಿರ ಬರುವುದಿಲ್ಲ. ಉಳಿದ ಹಣದಲ್ಲಿ ನಾನು ಮಾಡಿದ ಒಂದೇ ಹೆಚ್ಚಿನ ಖರ್ಚೆಂದರೆ, ಎರಡು ತಿಂಗಳ ತರುವಾಯ ಮದುವೆಮನೆಯ ಹಣದಿಂದಲೇ ಕೊಂಡ 2,700 ರೂಪಾಯಿಯ ಯುಪಿಎಸ್. ಬೆಂಗಳೂರಿನ ಹುಡುಗನ ಪಟ್ಟಿಯಲ್ಲಿ ಅದು ಇರಲಾರದು. ನಮ್ಮೂರಿನಲ್ಲಿ ಪಂದ್ಯದ ನಡುವೆ ಕರೆಂಟು ಹೋದರೆ, ನಾವು ಬೇಕೆಂದೇ ಓಡಿಹೋದೆವೆಂದು ಆಟ ನಮ್ಮ ಮೇಲೆ ದಂಡ ಹಾಕುತ್ತದೆ. ಯುಪಿಎಸ್ ಹತ್ತು ನಿಮಿಷ ನಿಲ್ಲಿಸುತ್ತದೆ. ಅಷ್ಟರೊಳಗೆ ಕರೆಂಟು ಬಂದರೆ ಪುಣ್ಯ. ವಿದ್ಯುತ್ತಿನ ಖರ್ಚು ಹೆಚ್ಚಲ್ಲ, ದಿನಕ್ಕೆ ಎರಡು ಗಂಟೆಯಾದರೆ ತಿಂಗಳಿಗೆ ಎಂಟು ಯೂನಿಟ್ಟಿನೊಳಗೆ. ಗೃಹಜ್ಯೋತಿಯಲ್ಲಿ ಹಿಂದಿನ ಸರಾಸರಿಗಿಂತ ಸ್ವಲ್ಪ ಹೆಚ್ಚಿಗೆ ಮಾತ್ರ ಉಚಿತವಾದ್ದರಿಂದ ಅದನ್ನೂ ಲೆಕ್ಕ ಹಾಕಿಯೇ ಕೂರುತ್ತೇನೆ.

ಒಂದು ಆಟಕ್ಕೆಂದೇ ಕಟ್ಟಿದ ಮೇಲೆ ಆ ಆಟವೇ ಹೋದರೆ? ಇದು ಗಟ್ಟಿಯಾದ ಆಕ್ಷೇಪಣೆ. ನಾನು ಇದಕ್ಕೆ ಹೆದರುತ್ತೇನೆ. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿದಾಗ, ಅದಕ್ಕೆಂದೇ ದುಬಾರಿ ಫೋನು ಕೊಂಡವರು ನಮ್ಮ ಬೀದಿಯಲ್ಲೇ ಇದ್ದರು. 2021ರ ಜುಲೈಯಲ್ಲಿ ಬೇರೆ ಹೆಸರಿನಿಂದ ಬಂದ ಆಟವೂ ಮಾರನೆಯ ವರ್ಷದ ಜುಲೈಯಲ್ಲಿ ಮಾಯವಾಗಿ 2023ರ ಮೇ ತಿಂಗಳಲ್ಲಿ ಮರಳಿತು. ಆಟ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ನಷ್ಟದ ಗಾತ್ರ. ಹೋದರೆ ಎಷ್ಟು ಹೋದೀತೆಂಬುದನ್ನು ಮೊದಲೇ ಸಣ್ಣದು ಮಾಡಿಟ್ಟುಕೊಳ್ಳಬಹುದು, ಅಷ್ಟೆ. ಇನ್ನು ಇದನ್ನು ಜೂಜಿನೊಡನೆ ಸೇರಿಸಿ ಬೈಯುವ ಹಿರಿಯರಿಗೆ ಒಂದು ವಿಜ್ಞಾಪನೆ: 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ, ಹಣವನ್ನು ಪಣವಾಗಿಟ್ಟು ಆಡುವುದನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಬೇರೆಯೆಂದೇ ಗುರುತಿಸಿದೆ. ನಾನು ಇಡುವ ಪಣ ನನ್ನ ನಿದ್ರೆಯೊಂದೇ, ಅದನ್ನೂ ಹತ್ತು ಗಂಟೆಗೆ ಅವ್ವ ಬಂದು ಕಸಿದುಕೊಳ್ಳುತ್ತಾಳೆ.

ವಿನೋದವೆಂದರೆ, ಈಗ ಎಸ್‌ಎಸ್‌ಎಲ್‌ಸಿ ಓದುತ್ತಿರುವ ನನ್ನ ತಂಗಿ ಬೆಳಗಿನ ಹೊತ್ತು ಅದೇ ಯಂತ್ರದಲ್ಲಿ ಪಾಠಗಳನ್ನು ನೋಡುತ್ತಾಳೆ. ಈ ಲೇಖನವನ್ನು ನಾನು ನುಡಿಯಲ್ಲಿ ಬೆರಳಚ್ಚಿಸಿದುದೂ ಅದರಲ್ಲಿಯೇ. ಮನೆಗೆ ಬಂದ ನೆಂಟರು "ಓದುವುದಕ್ಕೆ ತಂದಿದ್ದೋ?" ಎಂದು ಕೇಳುತ್ತಾರೆ. ನಾನು ಬಾಯಿ ತೆರೆಯುವುದರೊಳಗೆ ಅಪ್ಪನೇ "ಇಲ್ಲ, ಆಡಕ್ಕೆ" ಎನ್ನುತ್ತಾರೆ, ಮುಖದ ಮೇಲೆ ಏನೂ ತೋರಗೊಡದೆ.

ಒಂದು ಮಾತು ಉಳಿಯಿತು. ಈ ಆಟದಲ್ಲಿ ಬಂದೂಕುಗಳಿಗೆ ಬಣ್ಣಬಣ್ಣದ ಹೊದಿಕೆಗಳನ್ನು ಮಾರುತ್ತಾರೆ. ಹೊದಿಕೆಯಿಂದ ಗುರಿಯೇನೂ ಸರಿಹೋಗದು, ಬರಿಯ ಚೆಂದ. ಯಂತ್ರ ತಂದ ದಿನವೇ, ಇನ್ನು ಮುಂದೆ ಈ ಆಟಕ್ಕೆ ಒಂದು ಕಾಸೂ ಹಾಕುವುದಿಲ್ಲವೆಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ನಮ್ಮ ಕಾಲೇಜಿನ ಸಂಚಿಕೆ ಮನೆಗೆ ಬಂದ ದಿನ ತಂಗಿ ಅದನ್ನು ಮೊದಲ ಪುಟದಿಂದ ಅಪ್ಪನಿಗೆ ಓದಿ ಹೇಳುವುದುಂಟು. ಆದುದರಿಂದ ಇಲ್ಲಿಯೇ ಬರೆದುಬಿಡುತ್ತೇನೆ. ಕಳೆದ ದೀಪಾವಳಿಯಲ್ಲಿ 399 ರೂಪಾಯಿ ಕೊಟ್ಟು ನಾನು ಅಂತಹದೊಂದು ಹೊದಿಕೆಯನ್ನು ಕೊಂಡಿದ್ದೇನೆ. ಅದು ನೇರಳೆ ಬಣ್ಣದ್ದು.